ಗೋಡೆ ಹಾರದ ಹಾಜರಿ

ಹಾಲಿನವನು ಗೇಟಿನ ಮುಂದೆ ಗಾಡಿ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದ. ನಾಯಿ ಬೊಗಳಲಿಲ್ಲ.

ಬಸವಂತಮ್ಮ ಹೊರಗೆ ಬಂದು ನೋಡಿದರು. ಅವರ ನಾಯಿ ಹಾಜರಿ ಮೆಟ್ಟಿಲ ಬುಡದಲ್ಲಿ ಮಲಗಿತ್ತು. ಬಾಲ ಆಡಿಸಿತು. ಏಳಲು ನೋಡಿತು. ಮುಂಗಾಲು ಊರಿದ್ದೇ ತಡ, ಕುಂಯ್ ಎಂದು ಕುಸಿಯಿತು. ಮೈಮೇಲೆ ಗಾಯವಿಲ್ಲ, ರಕ್ತವಿಲ್ಲ, ಬಾವೂ ಇಲ್ಲ. ಯಾರು ಮಾಡಿದ್ದು? ಯಾವಾಗ? ಯಾತರಿಂದ?

ಏಳು ಗಂಟೆಗೆ ಬಸವಂತಮ್ಮ ಗೋಪಮ್ಮನ ಬಾಗಿಲು ಬಡಿದರು. ಏಳೂ ಹತ್ತಕ್ಕೆ ಗೋಪಮ್ಮ ನನ್ನ ಬಾಗಿಲು ಬಡಿದರು. ನಮ್ಮ ಬಡಾವಣೆಯಲ್ಲಿ ಅಪರಾಧಗಳು ಹರಿದು ಬರುವ ಕ್ರಮವೇ ಅದು.

ಗೋಪಮ್ಮ ದೇವದುರ್ಗ, ಮಾನ್ವಿ ಠಾಣೆಗಳಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾಗಿ, ರಾಯಚೂರಿನ ಮಾನ್ವಿ ರಸ್ತೆಯ ಈ ಹೊಸ ಬಡಾವಣೆಯಲ್ಲಿ ಮನೆ ಮಾಡಿದವರು. ನಿವೃತ್ತಿ ಸರಕಾರಕ್ಕೆ ಮಾತ್ರ ಗೊತ್ತು, ಅವರಿಗೆ ಗೊತ್ತಿಲ್ಲ. ಕಳೆದ ವರ್ಷ ಕಾಣೆಯಾದ ಮೂರು ಗ್ಯಾಸ್ ಸಿಲಿಂಡರ್, ಒಂದು ಇಳಕಲ್ ಸೀರೆ ಎಲ್ಲ ಅವರೇ ಹುಡುಕಿಕೊಟ್ಟದ್ದು. ನಾನು ಪಂಪಾಪತಿ, ಮದುವೆ ಫೋಟೋಗ್ರಾಫರ್. ಮುಹೂರ್ತಗಳಿಲ್ಲದ ತಿಂಗಳಲ್ಲಿ ನನ್ನ ಸ್ಕೂಟರ್, ಕ್ಯಾಮೆರಾ, ನಾನು ಮೂವರೂ ಗೋಪಮ್ಮನ ಸೇವೆಗೆ. ನನ್ನನ್ನು ಯಾರೂ ಕೇಳಿ ನೇಮಿಸಿಕೊಂಡದ್ದಲ್ಲ ಎಂಬುದು ದಾಖಲಾಗಲಿ.

ಬಸವಂತಮ್ಮ ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಹಾಜರಿ ಕರೆಯಲು ಮಕ್ಕಳಿಲ್ಲದೆ ನಾಯಿಮರಿ ತಂದು ಅದಕ್ಕೇ ಆ ಹೆಸರಿಟ್ಟರು. ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು "ಹಾಜರಿ" ಎನ್ನುತ್ತಿದ್ದರು. ಎಲ್ಲಿದ್ದರೂ ಅದು ಓಡಿ ಬಂದು ಎದುರು ಕೂರುತ್ತಿತ್ತು. ಆ ಮನೆಯಲ್ಲಿ ಅವರಿಗಿದ್ದ ಜೊತೆ ಅದೊಂದೇ.

"ಎಂದಿನಿಂದ ಕುಂಟಾಕತ್ತಾನ?" ಗೋಪಮ್ಮ ಕೇಳಿದರು.

"ಮೂರು ತಿಂಗಳಾತ್ರಿ. ಮೊದಲು ಬಲಗಾಲು. ಆಮ್ಯಾಲ ಎಡಗಾಲು. ಈಗ ನಾಕೂ."

"ಡಾಕ್ಟರ್ ಏನಂದ್ರು?"

"ಎಕ್ಸ್‌ರೇ ತಗದ್ರು. ಎಲುಬು ಮುರದಿಲ್ಲ ಅಂದ್ರು. ನೋವಿನ ಗುಳಗಿ ಕೊಟ್ರು."

"ಮತ್ತ ಇದು ಯಾರೋ ಮಾಡಿದ್ದು ಅಂತ ಹ್ಯಾಂಗ ಹೇಳತೀರಿ ಅಕ್ಕೋರ?"

ಬಸವಂತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಹೋದ ತಿಂಗಳು ಇವನ್ನ ಚೀಕಲಪರ್ವಿಗೆ, ನನ್ನ ತಮ್ಮ ಹಂಪಣ್ಣನ ಮನಿಗೆ ಬಿಟ್ಟಿದ್ದೆ. ಮೂರು ವಾರದಾಗ ಎದ್ದು ಓಡ್ಯಾಡಿದ. ಇಲ್ಲಿಗೆ ಕರಕೊಂಡು ಬಂದೆ, ಎಂಟು ದಿನಕ್ಕ ಮತ್ತ ಕುಂಟಿದ. ಅಲ್ಲಿ ಆರಾಮ, ಇಲ್ಲಿ ಬ್ಯಾನಿ. ಅಂದ್ರ ಇಲ್ಲೇ ಯಾರೋ ಹೊಡಿಯಾಕತ್ತಾರ. ಹೌದಿಲ್ಲೋ?"

ಲೆಕ್ಕ ಸರಿಯಾಗಿಯೇ ಇತ್ತು. ಗೋಪಮ್ಮ ತಲೆಯಾಡಿಸಿದರು.

"ಆದಿತ್ಯವಾರ ಹಂಪಣ್ಣ ಗಾಡಿ ತರತಾನ. ಅಲ್ಲೇ ಬಿಟ್ಟುಬಿಡತೀನಿ, ಕಾಯಂ. ನನ್ನ ಹತ್ರ ಇದ್ದು ಸಾಯೋಕಿಂತ ಅಲ್ಲರ ಬದುಕಲಿ." ಅಷ್ಟು ಹೇಳಿ ಅವರು ಒಳಗೆ ಹೋದರು. ನಮಗೆ ಚಹಾ ತರಲು ಎಂದು ಹೋದರು, ಆದರೆ ಬಹಳ ಹೊತ್ತು ಬರಲಿಲ್ಲ.

ಅಂದು ಮಂಗಳವಾರ. ನಮ್ಮ ಕೈಯಲ್ಲಿದ್ದದ್ದು ಐದು ದಿನ.

"ಎಲ್ಲಾ ಫೋಟೋ ತಗಿ," ಗೋಪಮ್ಮ ಅಂದರು. ತೆಗೆದೆ. ಮೆಟ್ಟಿಲು. ನಾಯಿಯ ಗೋಣಿತಟ್ಟು. ಒಳಗೆಲ್ಲ ಬಿಳಿ ಪದರು ಕಟ್ಟಿದ್ದ ಅದರ ಸ್ಟೀಲ್ ಬೋಗುಣಿ. ಸಾಲಾಗಿಟ್ಟ ಹೂವಿನ ಕುಂಡಗಳು. ಕುಂಡದ ಎಲೆಗಳ ತುದಿಯೆಲ್ಲ ದೀಪಕ್ಕೆ ಹಿಡಿದಂತೆ ಕಂದಿದ್ದವು.

"ಇವಕ್ಕೇನಾಗ್ಯದ?"

"ಬಿಸಲು," ಚಹಾ ತಂದ ಬಸವಂತಮ್ಮ ಹೇಳಿದರು. ರಾಯಚೂರಿನಲ್ಲಿ ಆ ಉತ್ತರಕ್ಕೆ ಯಾರು ಎದುರಾಡುತ್ತಾರೆ?

"ಯಾರ ಮ್ಯಾಲರ ಸಂಶಯ ಅದ ಏನು?"

ಅವರು ಪಕ್ಕದ ಮನೆಯ ಕಂಪೌಂಡ್ ಗೋಡೆಯ ಕಡೆ ನೋಡಿದರು.

ಗೋಡೆಯಾಚೆ ಗುಲಾಮ್ ದಸ್ತಗೀರ್. ಹೊಲಿಗೆ ಯಂತ್ರ ರಿಪೇರಿ ಅವರ ಕಸುಬು, ಪಾರಿವಾಳ ಅವರ ಪ್ರಾಣ. ಎರಡು ತಿಂಗಳಿಂದ ಬಸವಂತಮ್ಮ ಅವರೊಡನೆ ಮಾತು ಬಿಟ್ಟಿದ್ದರು. ನಾವು ಹೋದಾಗ ಅಂಗಳದಲ್ಲಿ ಕಾಳು ಚೆಲ್ಲುತ್ತಿದ್ದರು.

"ಹಾಜರಿಗೆ ಹೊಡದೀರೇನು ಸಾಹೇಬ್ರ?" ಗೋಪಮ್ಮನದು ಯಾವಾಗಲೂ ನೇರ ಪ್ರಶ್ನೆ.

"ಅದರ ಮ್ಯಾಲ ಚಪ್ಪಲಿ ಒಗದೀನಿ. ಎರಡು ಸಲ. ಎರಡೂ ಸಲ ತಪ್ಪೇತಿ."

"ಯಾಕ? ಪಾರಿವಾಳ ಹಿಡಿತೇನು?"

"ಹಿಡಿದಿದ್ರ ಬ್ಯಾರೆ ಮಾತು. ಅವನ್ನ ಕಣ್ಣೆತ್ತಿನೂ ನೋಡ್ತಿದ್ದಿಲ್ಲ. ಗೋಡಿ ಹಾರಿ ಬರತಿತ್ತು, ಪಾರಿವಾಳದ ಪರಾತದಾಗಿನ ನೀರು ಪೂರಾ ಕುಡಿತಿತ್ತು, ಹೋಗತಿತ್ತು. ನಾ ಅವಕ್ಕ ಕ್ಯಾನಿನ ನೀರು ಇಡತೀನ್ರಿ. ಬೋರಿನ ನೀರು ಇಟ್ರ ಅವು ಕೊಕ್ಕು ಹಚ್ಚಂಗಿಲ್ಲ."

"ಎಂದಿನಿಂದ ಬರಾಕತ್ತಿತ್ತು?"

"ಹೋದ ಯುಗಾದಿ ಆದಮ್ಯಾಲ. ಅದಕ್ಕೂ ಮೊದಲು ಬರತಿದ್ದಿಲ್ಲ."

"ಈಗ?"

ದಸ್ತಗೀರ್ ಕೈಯಲ್ಲಿನ ಕಾಳು ನೋಡುತ್ತ ನಿಂತರು. "ಈಗ ಎಲ್ಲಿ ಬರತದ? ಮೂರು ತಿಂಗಳಾತು, ಗೋಡಿ ಹಾರಾಕ ಕಾಲಿಲ್ಲ ಪಾಪ ಅದಕ್ಕ. ಕುಡಿಲಿ ಬಿಡು ಅಂತ ಈಗ ಅನಸ್ತದ. ಟೀಚರಮ್ಮ ನಂಬಂಗಿಲ್ಲ."

ಅಪರಾಧಿಯ ಮುಖ ಹಾಗಿರುವುದಿಲ್ಲ ಎಂದು ನನಗನ್ನಿಸಿತು. ಗೋಪಮ್ಮನಿಗೆ ಹೇಳಿದೆ. "ನೀ ಮದುಮಗನ ಮುಖ ನೋಡಿನೂ ಹಂಗ ಅಂತಿ," ಎಂದು ಅವರು ಬಸವಂತಮ್ಮನ ಮನೆಯ ಮಹಡಿ ಹತ್ತಿದರು.

ಮಹಡಿಯಲ್ಲಿ ಬಾಡಿಗೆಗಿದ್ದವಳು ಸ್ವಪ್ನಾ, ಆಸ್ಪತ್ರೆಯಲ್ಲಿ ನರ್ಸು. ಅವಳ ಎರಡು ಜೊತೆ ಚಪ್ಪಲಿಯನ್ನು ಹಾಜರಿ ಕಚ್ಚಿ ಹಾಕಿತ್ತು. ಕಾರಣ ಬೇಕಾದಷ್ಟಿತ್ತು.

"ಬೈದೀನ್ರಿ," ಸ್ವಪ್ನಾ ಒಪ್ಪಿಕೊಂಡಳು. "ಹೊಡದಿಲ್ಲ. ಉಳದ ಚಪ್ಪಲಿ ಉಳಿಲಿ ಅಂತ ದಿನಾ ಎರಡು ಬಿಸ್ಕೀಟು ಹಾಕತೀನಿ."

"ಲಂಚ," ಗೋಪಮ್ಮ ಅಂದರು. "ಮತ್ತೇನು ಕೊಡತಿ?"

"ಏನಿಲ್ಲ. ಅಕ್ಕೋರು ಊರಿಗೆ ಹೋದಾಗ ಬೋಗುಣಿಗೆ ನೀರು ಹಾಕತೀನಿ. ಅದೂ ಆ ನೀಲಿ ಬಕೀಟಿಂದೇ ಹಾಕಬೇಕು ಅಂತಾರ. ಕುಂಡಕ್ಕೂ ಅದೇ, ನೆಲ ಒರಸಾಕೂ ಅದೇ."

ಗೋಪಮ್ಮ ಮೆಟ್ಟಿಲಿಳಿಯುತ್ತಿದ್ದವರು ಅರ್ಧದಲ್ಲೇ ನಿಂತರು. "ಪಂಪಾಪತಿ, ಗಾಡಿ ತಗಿ. ಡಾಕ್ಟರ ಹತ್ರ ಹೋಗೂಣು."

ಪಶುವೈದ್ಯ ಕೃಷ್ಣ ಎಕ್ಸ್‌ರೇ ಹಾಳೆಯನ್ನು ಬೆಳಕಿನ ಡಬ್ಬಿಯ ಮೇಲೆ ಹಚ್ಚಿದರು. "ನೋಡ್ರಿ, ಎಲ್ಲೂ ಬಿರುಕಿಲ್ಲ. ಎಲುಬು ಒಂಚೂರು ಹೆಚ್ಚು ಬೆಳ್ಳಗ ಬಂದಾವ. ಹೊಸ ಮಷೀನು, ಇನ್ನಾ ಕೈ ಕೂತಿಲ್ಲ."

ಗೋಪಮ್ಮ ದಿಟ್ಟಿಸಿದರು. ನಾನೂ ನೋಡಿದೆ. ನೋಡಿ ಸುಮ್ಮನಿರಲಾಗಲಿಲ್ಲ.

"ಡಾಕ್ಟ್ರ, ಮಷೀನಿನ ತಪ್ಪಾಗಿದ್ರ ಇಡೀ ಹಾಳಿನೇ ಬೆಳ್ಳಗಾಗಬೇಕಲ್ರಿ. ನಮ್ಮ ಫೋಟೋದಾಗ ಬೆಳಕು ಹೆಚ್ಚಾದ್ರ ಮದುಮಗಳ ಮುಖ ಒಂದೇ ಬೆಳ್ಳಗಾಗಂಗಿಲ್ಲ, ಹಿಂದಿನ ಪರದೆನೂ ಆಗತದ. ಇಲ್ಲಿ ಮಾಂಸ ಇದ್ದಂಗೇ ಅದ. ಎಲುಬಷ್ಟೇ ಬೆಳ್ಳಗ ಅದ."

ಡಾಕ್ಟರು ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಬೇರೆ ನಾಯಿಯ ಹಾಳೆಯೊಂದನ್ನು ತಂದು ಪಕ್ಕಕ್ಕೆ ಹಿಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. "ಅರೆ," ಎಂದಷ್ಟೇ ಅಂದರು.

ಗೋಪಮ್ಮ ನನ್ನ ಕಡೆ ತಿರುಗಿದರು. "ಇಷ್ಟು ವರ್ಷಕ್ಕ ಒಂದು ಸಲ ಉಪಯೋಗಕ್ಕ ಬಂದಿ ನೋಡು." ಅವರ ಬಾಯಿಂದ ಅದು ಸನ್ಮಾನ ಪತ್ರ.

ಹಿಂದಿರುಗಿದವರೇ ಅವರು ಹಾಜರಿಯ ಬೋಗುಣಿಯ ಮುಂದೆ ಕೂತು, ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡರು. ನಾನು ಮುಖ ತಿರುಗಿಸಿದೆ. ನಾಯಿ ಮಾತ್ರ ಬಹಳ ಗೌರವದಿಂದ ನೋಡುತ್ತಿತ್ತು. ಆಮೇಲೆ ನೀಲಿ ಬಕೀಟಿನಿಂದ ಒಂದು ಬಾಟಲಿ ನೀರು ತುಂಬಿಕೊಂಡು, ನೀರು ಪರೀಕ್ಷೆ ಮಾಡುವಲ್ಲಿ ಕೊಟ್ಟು ಬಂದರು. "ಯಾರ ಮ್ಯಾಲ ಅನುಮಾನ?" ಎಂದು ದಾರಿಯುದ್ದಕ್ಕೂ ಕೇಳಿದೆ. ಹೇಳಿದರೆ ಅವರು ಗೋಪಮ್ಮ ಹೇಗಾದಾರು?

ಭಾನುವಾರ ಬೆಳಿಗ್ಗೆ ಹಂಪಣ್ಣನ ಗಾಡಿ ಗೇಟಿಗೆ ಬಂದು ನಿಂತಿತು. ಹಾಜರಿಯ ಗೋಣಿತಟ್ಟು ಮಡಿಸಿಟ್ಟಾಗಿತ್ತು. ಗೋಪಮ್ಮ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿದರು: ಬಸವಂತಮ್ಮ, ಹಂಪಣ್ಣ, ಸ್ವಪ್ನಾ, ಡಾಕ್ಟರ್ ಕೃಷ್ಣ. ದಸ್ತಗೀರ್ ಸಾಹೇಬರು ಬಾಗಿಲಾಚೆಯೇ ನಿಂತರು.

ನೆಲದ ಮೇಲೆ ಒಂದೇ ತರಹದ ಎರಡು ಬೋಗುಣಿ. ಎರಡರಲ್ಲೂ ನೀರು.

"ಬಿಡ್ರಿ ಅವನ್ನ," ಗೋಪಮ್ಮ ಅಂದರು.

ಹಾಜರಿ ಕುಂಟುತ್ತ ಬಂದಿತು. ಮೊದಲ ಬೋಗುಣಿ ಮೂಸಿತು. ಬಿಟ್ಟಿತು. ಎರಡನೆಯದರ ತನಕ ಕಾಲೆಳೆದುಕೊಂಡು ಹೋಗಿ ತಳ ಕಾಣುವವರೆಗೂ ಕುಡಿಯಿತು.

"ಇದು ಸಾಹೇಬ್ರ ಪಾರಿವಾಳದ ನೀರು. ಅದು ದಿನಾ ಇವನಿಗೆ ಹಾಕೂ ನೀರು," ಗೋಪಮ್ಮ ಹೇಳಿದರು. "ಐದು ದಿನದಿಂದ ನಾವು ಮನಷ್ಯಾರನ್ನ ಕೇಳಾಕತ್ತೀವಿ. ಇವ ಹೋದ ಯುಗಾದಿಯಿಂದ ಗೋಡಿ ಹಾರಿ ಸಾಕ್ಷಿ ಹೇಳಾಕತ್ತಿದ್ದ. ಅಕ್ಕೋರ, ಆ ಯುಗಾದಿಗೆ ನಿಮ್ಮನ್ಯಾಗ ಹೊಸಾದು ಏನು ಬಂತು?"

ಬಸವಂತಮ್ಮ ಹುಬ್ಬು ಗಂಟಿಕ್ಕಿದರು. "ನೀರಿನ ಫಿಲ್ಟರ್ ಹಾಕಿಸ್ದೆ. ಅದಕ್ಕೂ ಮೊದಲು ಕ್ಯಾನ್ ತರಸ್ತಿದ್ದೆ, ನಾನೂ ಅವನೂ ಅದನ್ನೇ ಕುಡಿತಿದ್ವಿ. ಈ ಕಡೆ ನಳ ಬಂದಿಲ್ಲಲ್ಲ, ಬೋರೇ ಗತಿ."

"ಫಿಲ್ಟರಿಗೆ ಎಷ್ಟು ಪೈಪು?"

"ಎರಡು. ಒಂದರಾಗ ಕುಡಿಯೋ ನೀರು. ಇನ್ನೊಂದರಾಗ ಸುಮ್ಮನ ಹೊರಗ ಹೋಗೂ ನೀರು."

"ಆ ಹೊರಗ ಹೋಗೂ ನೀರು ಎಲ್ಲಿ ಹೋಗತದ?"

"ನೀಲಿ ಬಕೀ..." ಬಸವಂತಮ್ಮನ ಮಾತು ಅಲ್ಲಿಗೇ ನಿಂತಿತು.

ಗೋಪಮ್ಮ ದನಿ ತಗ್ಗಿಸಿದರು. "ಬೋರಿನ್ಯಾಗಿರೋ ಕೆಟ್ಟದ್ದನ್ನೆಲ್ಲ ಆ ಮಷೀನು ಸೋಸಿ ಎರಡನೇ ಪೈಪಿಗೆ ತಳ್ಳತದ. ನಿಮಗ ಸಿಹಿ ನೀರು. ಇವನಿಗೆ ನಿಮ್ಮ ಪಾಲಿನ ವಿಷನೂ ಕೂಡಿಸಿ. ಇಲ್ಲಿ ಅದ ರಿಪೋರ್ಟು. ಫ್ಲೋರೈಡ್, ಇರಬೇಕಾದ್ದಕ್ಕಿಂತ ಆರು ಪಟ್ಟು. ಎಲುಬಿನಾಗ ಕೂತು ಕಾಲು ಹಿಡಿಯೂ ವಿಷ ಅದು. ನಾ ಡ್ಯೂಟಿ ಮ್ಯಾಲ ಹಳ್ಳಿ ತಿರಗೂವಾಗ ಮೂವತ್ತರ ಹುಡುಗರು ಬಡಿಗಿ ಹಿಡದು ನಡಿಯೂದು ನೋಡೀನಿ. ಯಾರು ಹೊಡದ್ರಪ್ಪಾ ಅಂದ್ರ, ನೀರು ಅಂತಿದ್ರು. ಎಲಿ ತುದಿ ಸುಟ್ಟದ್ದು ಬಿಸಲಿಗಲ್ಲ. ಎಲುಬು ಬೆಳ್ಳಗಾದದ್ದು ಮಷೀನಿಗಲ್ಲ. ಹಂಪಣ್ಣ, ಚೀಕಲಪರ್ವಿಯಾಗ ಇವ ಏನು ಕುಡಿತಿದ್ದ?"

"ಹೊಳಿ ನೀರ್ರಿ," ಹಂಪಣ್ಣ ಅಂದ. "ದಿನಾ ತುಂಗಭದ್ರಾಕ್ಕ ಇಳಿತಿದ್ದ."

"ಅಲ್ಲಿ ಆರಾಮ, ಇಲ್ಲಿ ಬ್ಯಾನಿ. ಅಕ್ಕೋರ ಲೆಕ್ಕ ಬರೋಬರಿ ಇತ್ತು. ಮನಷ್ಯಾರು ಬದಲಾದದ್ದು ನೋಡಿದ್ರು, ನೀರು ಬದಲಾದದ್ದು ನೋಡಲಿಲ್ಲ. ಗೋಡಿ ಹಾರೂ ತನಕ ಇವಗ ಅರ್ಧರ ಒಳ್ಳೆ ನೀರು ಸಿಗತಿತ್ತು. ಕಾಲು ನೊಂದು ಹಾರೂದು ನಿಂತಮ್ಯಾಲ ಬರೇ ಈ ನೀರೇ. ಅದಕ್ಕ ಒಮ್ಮೆಲೆ ಕೆಳಗ ಬಿದ್ದ." ಗೋಪಮ್ಮ ಉಸಿರು ಬಿಟ್ಟರು. "ತಪ್ಪಿತಸ್ಥ ಯಾರಂದ್ರ, ಆ ನೀಲಿ ಬಕೀಟು."

"ಬಕೀಟಿಗೆ ಕೈ ಇರಂಗಿಲ್ಲ ಗೋಪಮ್ಮ," ಬಸವಂತಮ್ಮ ಹೇಳಿದರು. "ಹಾಕಿದಾಕಿ ನಾನು."

ಅವರು ನೆಲದ ಮೇಲೆ ಕೂತು ನಾಯಿಯ ತಲೆಯನ್ನು ತೊಡೆಗೆ ಎಳೆದುಕೊಂಡರು.

"ನಾ ಹುಟ್ಟಿದ ಅರಕೇರಾದಾಗ ನಮ್ಮವ್ವ ಒಂದು ಕೊಡ ನೀರಿಗೆ ಅರ್ಧ ದಿನ ನಿಲ್ಲತಿದ್ದಳು. ಅಕ್ಕಿ ತೊಳದ ನೀರು ಎಮ್ಮಿಗೆ, ಕೈ ಮಾರಿ ತೊಳದ ನೀರು ಗಿಡಕ್ಕ. ಚೆಲ್ಲಿದ್ರ ನನ್ನ ಕೈ ಮ್ಯಾಲ ಏಟು. ಈ ಮಷೀನು ಒಂದು ಕೊಡ ಕೊಟ್ಟು ಎರಡು ಕೊಡ ಗಟಾರಕ್ಕ ಬಿಡೂದು ನೋಡಿ ತಡಿಲಿಲ್ಲ ನನಗ. ಕಣ್ಣಿಗೆ ಸ್ವಚ್ಛ ಕಾಣತಿತ್ತು." ಅವರು ಹಾಜರಿಯ ಕಿವಿ ಸವರಿದರು. "ಹನಿ ನೀರು ಉಳಸಾಕ ಹೋಗಿ ನಿನ್ನ ಕಾಲು ತಗದೆ."

"ಕಾಲು ಹೋಗಿಲ್ರಿ," ಡಾಕ್ಟರ್ ಕೃಷ್ಣ ಕೆಮ್ಮಿ ಮುಂದೆ ಬಂದರು. "ಸಣ್ಣ ವಯಸ್ಸು. ಒಳ್ಳೆ ನೀರು, ಸರಿಯಾದ ಊಟ ಕೊಟ್ರ ಸುಧಾರಿಸ್ತಾನ. ತಪ್ಪು ನಂದೂ ಅದ, ಎಕ್ಸ್‌ರೇ ನಾ ಸರಿ ನೋಡಲಿಲ್ಲ."

ಬಸವಂತಮ್ಮ ಬಾಗಿಲ ಕಡೆ ತಿರುಗಿದರು. "ಸಾಹೇಬ್ರ, ನಿಮ್ಮ ಮ್ಯಾಲ ಅನುಮಾನ ಪಟ್ಟೆ. ತಪ್ಪಾತು."

ದಸ್ತಗೀರ್ ಗಂಟಲು ಸರಿಮಾಡಿಕೊಂಡರು. "ಚಪ್ಪಲಿ ಒಗದದ್ದು ಖರೇನೇ ಟೀಚರಮ್ಮ. ಅದನ್ನೂ ರೆಕಾರ್ಡಿನಾಗ ಬರಕೋರಿ." ಒಳಗೆ ಬಂದು ಖಾಲಿ ಬೋಗುಣಿ ಎತ್ತಿಕೊಂಡು, ತುಂಬಿ ತರಲು ಮನೆಗೆ ಹೋದರು.

ಹಂಪಣ್ಣನ ಗಾಡಿ ಖಾಲಿಯೇ ಚೀಕಲಪರ್ವಿಗೆ ಹೊರಟಿತು. ಮಡಿಸಿದ್ದ ಗೋಣಿತಟ್ಟನ್ನು ಸ್ವಪ್ನಾ ಮತ್ತೆ ಹಾಸಿದಳು.

ಈಗ ಆ ಮನೆಯಲ್ಲಿ ಫಿಲ್ಟರಿನ ಮೊದಲ ಲೋಟ ನೀರು ಹಾಜರಿಗೆ, ಎರಡನೆಯದು ಚಹಾಕ್ಕೆ. ನೀಲಿ ಬಕೀಟಿನ ನೀರು ನೆಲ ಒರೆಸಲು, ಪಾಯಖಾನೆಗೆ. ಹನಿಯೂ ಚೆಲ್ಲುವುದಿಲ್ಲ, ಆ ಹಟ ಹೋಗಿಲ್ಲ. ಬಡಾವಣೆಯ ಉಳಿದವರೂ ತಮ್ಮ ಎರಡನೇ ಪೈಪನ್ನು ಹುಡುಕಿ ನೋಡಿದರು. ಅದರಿಂದ ನಾಲ್ಕು ಎಮ್ಮೆ, ಒಂದು ಗಿಳಿ ಉಳಿದವು ಎಂದು ಗೋಪಮ್ಮ ಹೇಳಿಕೊಂಡು ತಿರುಗುತ್ತಾರೆ. ಗಿಳಿಯ ಬಗ್ಗೆ ನನಗೆ ಅನುಮಾನವಿದೆ.

ಐದು ತಿಂಗಳಾದ ಮೇಲಿನ ಮಾತು. ನಾನು, ಗೋಪಮ್ಮ ಬಸವಂತಮ್ಮನ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಗೋಡೆಯಾಚೆ ಪಾರಿವಾಳಗಳು ಪಟಪಟ ಎದ್ದ ಸದ್ದು. ಹಿಂದೆಯೇ ದಸ್ತಗೀರ್ ಸಾಹೇಬರ ಗದರಿಕೆ.

"ಟೀಚರಮ್ಮ, ನಿಮ್ಮ ನಾಯಿ ನೋಡ್ರಿ. ಮತ್ತ ಗೋಡಿ ಹಾರಿ ಬಂದದ. ನೀರೆಲ್ಲಾ ಕುಡದದ."

ಗೋಪಮ್ಮ ಚಹಾದ ಬಸಿ ಕೆಳಗಿಟ್ಟರು. ಗೋಡೆ ನಾಲ್ಕಡಿ ಎತ್ತರ.

ಬಸವಂತಮ್ಮ ಎದ್ದು ಹೊರಗೆ ಹೋದರು. ಮೆಟ್ಟಿಲ ಮೇಲೆ ನಿಂತರು. ಹಾಜರಿಯನ್ನು ಕರೆಯಲಿಲ್ಲ. ಕಣ್ಣೊರೆಸಿಕೊಂಡು ಗೋಡೆಯ ಕಡೆ ಕೂಗಿದರು:

"ಇನ್ನೊಂದು ಸಲ ಹೇಳ್ರಿ ಸಾಹೇಬ್ರ. ಏನು ಹಾರಿ ಬಂದ?"