ಕೇಳಿಸಿತು, ತಿರುಗಿ ಹೇಳುತ್ತೇನೆ

"ಮೊದಲು ಕಿವಿಯಲ್ಲಿರೋದನ್ನ ತೆಗೀರಿ!"

ಸಂದರ್ಶನದ ಕೋಣೆಯಲ್ಲಿ ಅವಳ ದನಿ ಖಡಕ್ಕಾಗಿತ್ತು. ಮೇಜಿನ ಆಚೆ ಕೂತಿದ್ದ ಮಾಜಿ ಸೈನಿಕ ಅವಳ ಮುಖವನ್ನೇ ನೋಡಿದ. ಬಿಸಿಲಿಗೆ ಕಂದಿದ ಮುಖ, ನೆಟ್ಟಗಿನ ಬೆನ್ನು, ಇಸ್ತ್ರಿಯ ಗೆರೆ ಮಾಸದ ಅಂಗಿ. ಬಲಗಿವಿಯ ಹಿಂದಿನಿಂದ ಇಳಿದು ಒಳಗೆ ಮಾಯವಾಗಿದ್ದ ಸಣ್ಣ ನಳಿಕೆಯೊಂದು ಆಗಷ್ಟೇ ಅವಳ ಕಣ್ಣಿಗೆ ಬಿದ್ದಿತ್ತು.

ಆಫೀಸಿನಲ್ಲಿ ಅವಳಿಗೆ 'ಖಡಕ್ ಮೇಡಂ' ಎಂದೇ ಹೆಸರು. ನೆಟ್‌ವರ್ಕ್ ವಿಭಾಗಕ್ಕೆ ಯಾರೇ ಸೇರಬೇಕಾದರೂ ಅವಳ ಪ್ರಶ್ನೆಗಳನ್ನು ದಾಟಿ ಬರಬೇಕು. ಹೋದ ತಿಂಗಳಷ್ಟೇ ಒಬ್ಬ ಭೂಪ ಕಿವಿಯಲ್ಲಿ ಪುಟ್ಟ ಇಯರ್‌ಫೋನ್ ಅಡಗಿಸಿಕೊಂಡು ಬಂದಿದ್ದ. ಪ್ರಶ್ನೆಯನ್ನು ಜೋರಾಗಿ ತಿರುಗಿ ಹೇಳುವುದು, ಕೆಳಗೆ ಕಾರಿನಲ್ಲಿ ಕೂತ ಭಾವಮೈದುನ ಉತ್ತರ ಹೇಳಿಕೊಡುವುದು! ಅಂದಿನಿಂದ ಅವಳು ಕಣ್ಣಲ್ಲಿ ಕಣ್ಣಿಟ್ಟು ಕೂರುತ್ತಿದ್ದಳು.

ಇವನೂ ಹಾಗೇ ಮಾಡುತ್ತಿದ್ದಾನಲ್ಲ!

"ಒಂದು ಶಾಖೆಯಲ್ಲಿ ಅರ್ಧ ಜನಕ್ಕೆ ಸಂಪರ್ಕ ಇಲ್ಲ, ಮೊದಲು ಏನು ನೋಡ್ತೀರಿ?" ಎಂದು ಕೇಳಿದ್ದಕ್ಕೆ, "ಒಂದು ಶಾಖೆ. ಅರ್ಧ ಜನಕ್ಕೆ ಸಂಪರ್ಕ ಇಲ್ಲ. ಮೊದಲು ಏನು ನೋಡ್ತೀನಿ" ಎಂದು ಗಿಣಿಪಾಠದಂತೆ ಒಪ್ಪಿಸಿ, ಆಮೇಲೆ ಸರಿಯಾದ ಉತ್ತರ ಕೊಟ್ಟಿದ್ದ. ಪ್ರತಿ ಪ್ರಶ್ನೆಗೂ ಅದೇ ಕಥೆ.

ಅವನು ಕಿವಿಗೆ ಕೈಹಾಕಿ, ಏನನ್ನೋ ತೆಗೆದು, ಮುಷ್ಟಿಯಲ್ಲೇ ಮುಚ್ಚಿ ಜೇಬಿಗಿಳಿಸಿದ.

ಅವಳು ಲ್ಯಾಪ್‌ಟಾಪ್ ಕಡೆ ತಿರುಗಿಕೊಂಡೇ ಮುಂದಿನ ಪ್ರಶ್ನೆ ಕೇಳಿದಳು. ಉತ್ತರವಿಲ್ಲ! ಇನ್ನೊಂದು ಕೇಳಿದಳು. ಅದಕ್ಕೂ ಇಲ್ಲ.

"ಅದನ್ನ ತೆಗೆದ ತಕ್ಷಣ ಬಾಯಿ ಕಟ್ಟಿಹೋಯ್ತು, ಅಲ್ವಾ?" ಅವಳು ಎದ್ದು ನಿಂತು, ಅವನತ್ತ ತಿರುಗಿ ಕೇಳಿದಳು. "ಸೇನೆಯಲ್ಲಿದ್ದವರು ನೀವು. ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರಲಿಲ್ಲ."

ಆ ಮಾತು ಮಾತ್ರ ಅವನಿಗೆ ಅರ್ಥವಾಯಿತು. ಮುಖ ಕೆಂಪಾಯಿತು. ಆದರೂ ಕುರ್ಚಿಯನ್ನು ಸರಿಯಾಗಿ ಒಳಗೆ ತಳ್ಳಿ, "ಧನ್ಯವಾದ ಮೇಡಂ" ಎಂದು ಹೊರಟುಹೋದ.

ಮೋಸ ಮಾಡಿದವನಿಗೆ ಅಷ್ಟೊಂದು ಮರ್ಯಾದೆ ಎಲ್ಲಿಂದ ಬಂತು? ಆ ಯೋಚನೆ ಬಂದರೂ ಅವಳು ಅದನ್ನು ಕೊಡವಿಹಾಕಿದಳು. 'ಸಂದರ್ಶನದಲ್ಲಿ ಮೋಸ' ಎಂದು ಮ್ಯಾನೇಜರ್‌ಗೆ ತಿಳಿಸಿದಳು. ಇನ್ನು ಆ ಕಂಪನಿಯ ಬಾಗಿಲು ಅವನಿಗೆ ಶಾಶ್ವತವಾಗಿ ಮುಚ್ಚಿದಂತೆಯೇ.

ಮುಂದಿನ ಶನಿವಾರ ಅವಳು ಅಮ್ಮನನ್ನು ಕಿವಿಯ ಡಾಕ್ಟರ ಹತ್ತಿರ ಕರೆತಂದಳು. ಕರೆತಂದಳು ಎನ್ನುವುದಕ್ಕಿಂತ ಎಳೆತಂದಳು ಎನ್ನಬೇಕು.

"ನನಗೆಲ್ಲ ಚೆನ್ನಾಗೇ ಕೇಳಿಸುತ್ತೆ. ನೀವೇ ಬಾಯೊಳಗೆ ಗೊಣಗ್ತೀರಿ!" ಎಂದು ಅಮ್ಮ ದಾರಿಯುದ್ದಕ್ಕೂ ವಾದಿಸಿದ್ದರು.

ಚೀಟಿ ಮಾಡಿಸಿ ಬರುವಷ್ಟರಲ್ಲಿ ಅಮ್ಮ ಬೆಂಚಿನ ಮೇಲೆ ನಗುತ್ತ ಕೂತಿದ್ದರು! ಪಕ್ಕದಲ್ಲಿ ಅವನು. ಅಂಗೈಯಲ್ಲಿ ಅದೇ ಸಣ್ಣ ನಳಿಕೆ.

"ಶುರುವಿನಲ್ಲಿ ಪಾತ್ರೆ ಸದ್ದೂ ತಲೆಗೆ ಹೊಡೆಯುತ್ತೆ ಅಮ್ಮಾ. ಸ್ವಲ್ಪ ದಿನ ತಡ್ಕೊಳ್ಳಿ. ಬೇಡದ ಮಾತು ಬಂದ್ರೆ ತೆಗೆದು ಜೇಬಿಗೆ ಹಾಕ್ಕೊಳ್ಳೋ ಸೌಕರ್ಯ ಬೇರೆ ಯಾರಿಗಿದೆ ಹೇಳಿ?"

ಅವನು ಅದನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಳ್ಳುವುದನ್ನು ಅವಳು ನೋಡಿದಳು. ದೇವರೇ... ನಾನೇನು ಮಾಡಿಬಿಟ್ಟೆ!

"ಅದು... ಹಿಯರಿಂಗ್ ಮಷಿನ್ನಾ?"

ಅವನು ತಲೆಯೆತ್ತಿದ. ಗುರುತು ಸಿಕ್ಕಿತು. ನಗು ಮಾಯವಾಯಿತು. "ಹೌದು ಮೇಡಂ."

"ಅವತ್ತೇ ಯಾಕೆ ಹೇಳಲಿಲ್ಲ?"

"ಅದಕ್ಕೂ ಮುಂಚೆ ಬೇರೆ ಕಡೆ ಹೇಳಿ ನೋಡಿದ್ದೆ. ನಿಮ್ಮ ಸೇವೆಗೆ ನಮಸ್ಕಾರ ಅಂದ್ರು, ಆಮೇಲೆ ಫೋನೇ ಮಾಡಲಿಲ್ಲ."

"ಗುಂಡಿನ ಸದ್ದಿಗೆ ಹೋಯ್ತಾ..."

"ಎಲ್ಲರೂ ಹಾಗೇ ಅಂದ್ಕೋತಾರೆ. ನಮ್ಮ ಸಿಗ್ನಲ್ ಡೇರೆ ಪಕ್ಕದಲ್ಲಿ ಜನರೇಟರ್ ಇತ್ತು. ವರ್ಷಗಟ್ಟಲೆ ಅದರ ಸಂಗೀತ ಕೇಳಿದೆ, ಅಷ್ಟೇ."

"ಮತ್ತೆ... ಪ್ರಶ್ನೆನ ತಿರುಗಿ ಹೇಳ್ತಿದ್ದದ್ದು?"

"ಅದು ಕಿವಿಯ ದೋಷ ಅಲ್ಲ, ರೂಢಿ. ವೈರ್‌ಲೆಸ್‌ನಲ್ಲಿ ಬಂದ ಮಾತನ್ನ ತಿರುಗಿ ಹೇಳಿ, ಆ ಕಡೆಯವರು ಸರಿ ಅಂದ ಮೇಲೇ ನಮ್ಮ ಕೆಲಸ ಶುರು. ಒಂದು ಮಾತು ತಪ್ಪಾಗಿ ಕೇಳಿಸ್ಕೊಂಡ್ರೆ ಯಾರದೋ ಜೀವ ಹೋಗುತ್ತೆ ಮೇಡಂ."

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಸೋಮವಾರವೇ ಮ್ಯಾನೇಜರ್‌ಗೆ ಎಲ್ಲಾ ಹೇಳ್ತೀನಿ."

"ಬೇಡ! ಕಿವಿ ನನ್ನದು, ಅದರ ಮಾತೂ ನನ್ನದು. ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ."

ಕೊಟ್ಟಳು. ಕೊಡದೆ ಇರಲು ಅವಳಿಗೆ ಯಾವ ಹಕ್ಕಿತ್ತು?

ಅಮ್ಮ ಸುಮ್ಮನಿರುವವರೇ? ಅವನಿಗೆ 'ಸಿಪಾಯಿ' ಎಂದು ಹೆಸರಿಟ್ಟು, ತಮ್ಮ ಮಷಿನ್ ಬಂದ ದಿನವೇ ಮನೆಗೆ ಕರೆಸಿದರು. ಅದನ್ನು ಸ್ವಚ್ಛ ಮಾಡುವುದನ್ನು ಕಲಿಸಲು ಬಂದವನು ಟೀ ಕುಡಿದು ಹೋದ. ಮತ್ತೆ ಬಂದ. ಆಮೇಲೆ ಬರದ ಸಂಜೆ ಅವಳೇ ಕಿಟಕಿಯ ಕಡೆ ನೋಡತೊಡಗಿದಳು.

ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಅವನ ಸೇನೆಯ ಕೆಲಸವನ್ನು ಕಂಪನಿಗಳ ಭಾಷೆಗೆ ಇಳಿಸುತ್ತಿದ್ದರು.

"ಹಿಮದಲ್ಲಿ ತಂತಿ ಕಡಿದಾಗ ಏನು ಮಾಡ್ತಿದ್ರಿ?"

"ನಡ್ಕೊಂಡು ಹೋಗಿ ಕಟ್ತಿದ್ದೆ."

"ಹಾಗಂತ ಬರೆದ್ರೆ ಯಾರು ಕೆಲಸ ಕೊಡ್ತಾರೆ? ನೆಟ್‌ವರ್ಕ್ ದುರಸ್ತಿ ಅನ್ನಿ!"

"ನೆಟ್‌ವರ್ಕ್ ದುರಸ್ತಿ," ಎಂದು ಅವನು ವಿಧೇಯನಾಗಿ ತಿರುಗಿ ಹೇಳಿದ. ಅವಳು ನಕ್ಕುಬಿಟ್ಟಳು.

ಅವನೊಂದಿಗೆ ಮಾತಾಡುವಾಗ ಮುಖ ಕೊಟ್ಟು ಮಾತಾಡುವುದನ್ನು ಅವಳು ಯಾರೂ ಹೇಳದೆಯೇ ಕಲಿತಿದ್ದಳು. ತನ್ನ ಮಾತನ್ನು ಇಷ್ಟು ಜತನದಿಂದ ಕೇಳಿಸಿಕೊಂಡವರು ಈವರೆಗೆ ಯಾರೂ ಇರಲಿಲ್ಲ. ಅವನೆಂದರೆ ತನಗೆ ಇಷ್ಟ, ತುಂಬಾ ಇಷ್ಟ ಎಂದು ಅವಳ ಮನಸ್ಸು ಒಪ್ಪಿಕೊಂಡಿತು. ಆದರೆ ಬೇರೆ ಕಂಪನಿಗಳಿಂದ ಒಂದೊಂದೇ 'ಇಲ್ಲ' ಬರುತ್ತಿತ್ತು. ತಾನು ಮುಚ್ಚಿಸಿದ ಬಾಗಿಲು ಅವಳನ್ನು ಚುಚ್ಚುತ್ತಲೇ ಇತ್ತು.

ಕೊನೆಗೆ ತಡೆಯಲಾರದೆ ಮ್ಯಾನೇಜರ್ ಮುಂದೆ ನಿಂತಳು.

"ಸರ್, ಆ ಸೈನಿಕರು ಮೋಸ ಮಾಡಿರಲಿಲ್ಲ. ತಪ್ಪು ನನ್ನದು."

"ಹೇಗೆ ಗೊತ್ತಾಯ್ತು?"

"ಅದನ್ನ ಹೇಳೋ ಹಾಗಿಲ್ಲ ಸರ್."

"ಅವನು ನಿನಗೆ ಏನಾಗ್ಬೇಕಮ್ಮಾ?"

"ಇನ್ನೂ ಏನೂ ಇಲ್ಲ..." ಎಂದವಳೇ ನಾಲಿಗೆ ಕಚ್ಚಿಕೊಂಡಳು. 'ಇನ್ನೂ' ಅಂದೆನಾ!

ಮ್ಯಾನೇಜರ್ ನಗಲಿಲ್ಲ. ಕಾರಣ ಹೇಳದೆ ಮಾತು ಬದಲಿಸುವವರು ಸಂದರ್ಶನ ಮಾಡುವುದು ಸರಿಯಲ್ಲ ಎಂದು ಆ ಜವಾಬ್ದಾರಿಯನ್ನು ಬೇರೆಯವರಿಗೆ ವಹಿಸಿದರು. ಅವಳು ಮನೆಗೆ ಬಂದು ಅಮ್ಮನ ಮಡಿಲಲ್ಲಿ ಅತ್ತಳು. ಅಮ್ಮನ ಬಾಯಲ್ಲಿ ಮಾತು ನಿಲ್ಲುತ್ತದೆಯೇ? ಅದೇ ಸಂಜೆ ಸಿಪಾಯಿಗೆ ವರದಿ ಹೋಯಿತು.

ಮರುದಿನ ಆಫೀಸಿನ ಗಾಜಿನ ಕೋಣೆಯಲ್ಲಿ ಅವನು ಮ್ಯಾನೇಜರ್ ಎದುರು ನಿಂತಿದ್ದ. ಅವಳು ಓಡಿಬಂದು ಬಾಗಿಲು ತೆರೆದಾಗ ಅವನು ತಾನಾಗಿಯೇ ಕಿವಿಯ ಮಷಿನ್ ತೆಗೆದು ಮೇಜಿನ ಮೇಲಿಟ್ಟ.

"ಮೇಡಂ ಇದನ್ನೇ ಹೇಳದೆ ಉಳಿಸ್ಕೊಂಡಿದ್ದು ಸರ್. ನನಗೆ ಕೊಟ್ಟ ಮಾತಿಗೋಸ್ಕರ. ಈಗ ನಾನೇ ಹೇಳ್ತಿದ್ದೀನಿ, ನನಗೆ ಕಿವಿ ಸರಿಯಾಗಿ ಕೇಳಲ್ಲ. ಬೇರೆ ಯಾರಿಂದಾದ್ರೂ ಪರೀಕ್ಷೆ ಮಾಡಿಸಿ. ನನ್ನ ಮುಖ ನೋಡಿ ಕೇಳಲಿ, ಅಷ್ಟು ಸಾಕು. ಉತ್ತರ ಬರದಿದ್ರೆ ಎದ್ದು ಹೋಗ್ತೀನಿ."

ಮ್ಯಾನೇಜರ್ ಆ ಪುಟ್ಟ ಯಂತ್ರವನ್ನು ಮತ್ತೆ ಅವನ ಕಡೆ ಸರಿಸಿದರು. ಆಮೇಲೆ ಕುರ್ಚಿ ತೋರಿಸಿದರು.

ಬೇರೆ ಇಬ್ಬರು ಎಂಜಿನಿಯರುಗಳು ಅವನನ್ನು ಮಧ್ಯಾಹ್ನದವರೆಗೂ ಜಾಲಾಡಿದರು. ಅವಳು ಹೊರಗೆ ತನ್ನ ಮೇಜಿನಲ್ಲಿ ಕೂತು ಒಂದು ಸಾಲು ಕೆಲಸವನ್ನೂ ಮಾಡಲಿಲ್ಲ.

ಸಂಜೆ ಅವನು ಮನೆಯ ಬಾಗಿಲಲ್ಲಿ ನಿಂತಿದ್ದ.

"ಸೋಮವಾರದಿಂದ ಕೆಲಸಕ್ಕೆ ಬರೋಕೆ ಹೇಳಿದ್ದಾರೆ. ಸಂದರ್ಶನದ ಕೆಲಸವೂ ನಿಮಗೆ ವಾಪಸ್ ಅಂತೆ."

ಅವಳ ಕಣ್ಣು ತುಂಬಿ ಬಂತು. "ನಿಮ್ಮ ಗುಟ್ಟು... ನನಗೋಸ್ಕರ ಹೇಳಿಬಿಟ್ರಾ?"

"ಅದನ್ನ ಕಾಯೋಕೆ ನೀವು ಇಷ್ಟು ಕಷ್ಟಪಟ್ರಿ. ಅಡಗಿಸಿಡೋ ಅಂಥದ್ದು ಅದರಲ್ಲೇನಿದೆ ಅನ್ನಿಸ್ತು ಮೇಡಂ."

"ಮೇಡಂ ಅನ್ನಬೇಡಿ." ಅವಳು ಅವನಿಗೆ ತುಟಿ ಕಾಣುವಂತೆ ಮುಖವೆತ್ತಿದಳು. ಪಿಸುಮಾತಿನಲ್ಲಿ ಹೇಳಿದಳು, "ನಂಗೆ ನೀವಂದ್ರೆ ಇಷ್ಟ. ಜೀವನಪೂರ್ತಿ ನಿಮ್ಮ ಜೊತೆ ಇರಬೇಕು."

ಅವನು ಅಲ್ಲಾಡಲಿಲ್ಲ. ತಿರುಗಿಯೂ ಹೇಳಲಿಲ್ಲ!

"ಯಾಕೆ... ಕೇಳಿಸಲಿಲ್ವಾ?"

"ಇಲ್ಲ. ಇನ್ನೊಂದು ಸಲ ಹೇಳಿ." ಅವನ ತುಟಿಯಂಚಿನಲ್ಲಿ ನಗು ಇಣುಕುತ್ತಿತ್ತು.

"ಸುಳ್ಳ! ಕೇಳಿಸಿದೆ ನಿಮಗೆ!"

ಅಡುಗೆಮನೆಯಿಂದ ಅಮ್ಮನ ದನಿ ಬಂತು. "ನನಗೇ ಕೇಳಿಸ್ತು ಕಣಪ್ಪಾ! ಬೇಗ ತಿರುಗಿ ಹೇಳು, ಟೀ ಆರಿಹೋಗ್ತಿದೆ!"

ಅವಳು ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ಅವನು ಮೆಲ್ಲಗೆ ಅವಳ ಕೈ ಸರಿಸಿ ಕಣ್ಣಲ್ಲಿ ಕಣ್ಣಿಟ್ಟ.

"ನಂಗೆ ನೀವಂದ್ರೆ ಇಷ್ಟ," ಒಂದೊಂದೇ ಪದವನ್ನು ತಿರುಗಿ ಹೇಳಿದ. "ಜೀವನಪೂರ್ತಿ... ನಿಮ್ಮ ಜೊತೆ... ಇರಬೇಕು. ಸರಿಯಾಗಿ ಕೇಳಿಸ್ಕೊಂಡ್ನಾ?"

"ಸರಿ," ಎಂದಳು ಅವಳು. "ಇನ್ನು ಶುರು ಮಾಡಿ."