ಅಮ್ಮನ ದನಿ ಕೂರುವ ಕುರ್ಚಿ

“ಅಪ್ಪಾ, ಅಮ್ಮ ಕುರ್ಚಿಯಲ್ಲಿಲ್ಲ.”

ಅಪ್ಪ ಸೋಫಾದ ಎಡತುದಿಯಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ತಲೆ ಎತ್ತದೆ ಹೇಳಿದ: “ಅಮ್ಮ ಹಡಗಲ್ಲಿದ್ದಾಳೆ ಚೂಟಿ. ಕುರ್ಚಿಯಲ್ಲಿ ಹೇಗಿರ್ತಾಳೆ?”

“ಅದು ಗೊತ್ತು. ಅಮ್ಮನ ವಾಯ್ಸು ಕುರ್ಚಿಯಲ್ಲಿಲ್ಲ ಅಂದೆ.”

“ನಂಗೆ ಮೊದಲಿನ ಹಾಗೇ ಕೇಳ್ತಿದೆ,” ಅಂದ ಅಪ್ಪ, ದಾರವನ್ನು ಹಲ್ಲಿನಿಂದ ಕಡಿಯುತ್ತಾ.

ಚೂಟಿ ಮುಖ ಊದಿಸಿಕೊಂಡಳು. ದೊಡ್ಡವರಿಗೆ ಕೆಲವು ವಿಷಯ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ಚೂಟಿಯ ಅಮ್ಮ ಸರಕು ಹಡಗಿನಲ್ಲಿ ಎಂಜಿನಿಯರ್. ಹೋಗಿ ಎಂಟು ತಿಂಗಳಾಗಿತ್ತು. ನಡುಸಮುದ್ರದಲ್ಲಿ ಫೋನ್ ಸಿಗುವುದಿಲ್ಲ. ಹಡಗು ಯಾವುದಾದರೂ ಬಂದರಿಗೆ ಬಂದಾಗ ಅಮ್ಮ ಮಾತಾಡಿ ಕಳಿಸಿದ ಮೆಸೇಜ್‌ಗಳು ಒಟ್ಟಿಗೇ ಬಂದು ಬೀಳುತ್ತಿದ್ದವು. ಚೂಟಿ ಅವನ್ನು ಮನೆಯ ಹಳೇ ಸ್ಟೀರಿಯೋದಲ್ಲಿ ಹಾಕುತ್ತಿದ್ದಳು. ಸೋಫಾದ ಎದುರಿನ ಗೋಡೆಯ ಆ ತುದಿಗೆ ಒಂದು ಸ್ಪೀಕರ್, ಈ ತುದಿಗೆ ಒಂದು. ನಡುವೆ ಅಮ್ಮ ಕೂರುತ್ತಿದ್ದ ಮರದ ಕುರ್ಚಿ.

ಸೋಫಾದ ಸರಿಯಾಗಿ ಮಧ್ಯದಲ್ಲಿ ಕೂತು ಕೇಳಿದರೆ ಅಮ್ಮನ ದನಿ ಎಡಗಡೆಯಿಂದ ಬರುತ್ತಿರಲಿಲ್ಲ, ಬಲಗಡೆಯಿಂದಲೂ ಬರುತ್ತಿರಲಿಲ್ಲ. ಸೀದಾ ಆ ಕುರ್ಚಿಯಿಂದ ಬರುತ್ತಿತ್ತು. ಮೊದಲ ಸಲ ಕೇಳಿದಾಗ ಚೂಟಿಗೆ ಮೈ ಜುಮ್ಮೆಂದಿತ್ತು. ಅವತ್ತಿನಿಂದ ಆ ಮಧ್ಯದ ಜಾಗ ಅವಳದು. ಬೇರೆ ಯಾರೂ ಅಲ್ಲಿ ಕೂರುವಂತಿಲ್ಲ.

ಈಗ ಕುರ್ಚಿ ಖಾಲಿ. ದನಿ ಕೋಣೆಯ ತುಂಬಾ ಚೆಲ್ಲಾಪಿಲ್ಲಿಯಾಗಿತ್ತು. ಕಣ್ಣು ಮುಚ್ಚಿದರೂ ಅಮ್ಮ ಎಲ್ಲಿದ್ದಾಳೆಂದು ಗೊತ್ತಾಗುತ್ತಿರಲಿಲ್ಲ. ಅಮ್ಮ ಇನ್ನೊಂದು ಸಲ ಮನೆಬಿಟ್ಟು ಹೋದಹಾಗೆ ಅನಿಸಿ ಚೂಟಿಗೆ ಅಳು ಬಂತು.

ಮರುದಿನ ಸ್ಕೂಲು ಬಿಟ್ಟ ಕೂಡಲೇ ಅವಳು ರಸ್ತೆ ತುದಿಯ ರಿಪೇರಿ ಅಂಗಡಿಗೆ ಹೋದಳು. ಅಂಗಡಿಯ ಆಂಟಿ ಫ್ಯಾನೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು.

“ಆಂಟಿ, ನಮ್ಮನೆ ಸ್ಪೀಕರ್ ಕೆಟ್ಟಿದೆ.”

“ಸೌಂಡ್ ಬರ್ತಿಲ್ವಾ?”

“ಬರ್ತಿದೆ.”

“ಕರಕರ ಅನ್ನುತ್ತಾ?”

“ಇಲ್ಲ. ಕ್ಲಿಯರಾಗಿದೆ.”

ಆಂಟಿ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಎಲ್ಲಾ ಸರಿಯಾಗಿರೋ ಸ್ಪೀಕರ್ ರಿಪೇರಿ ಮಾಡಿಸೋಕೆ ಬಂದ ಮೊದಲ ಗಿರಾಕಿ ನೀನೇ ಕಣಮ್ಮಾ.”

ಚೂಟಿ ಕುರ್ಚಿಯ ಕತೆಯನ್ನೆಲ್ಲ ಹೇಳಿದಳು. ಆಂಟಿ ನಗಲಿಲ್ಲ. ಅದೇ ಅವಳಿಗೆ ದೊಡ್ಡ ಸಮಾಧಾನ.

“ಸ್ಪೀಕರ್ ವೈರ್ ಯಾರಾದ್ರೂ ಬಿಚ್ಚಿದ್ರಾ?”

ಚೂಟಿ ತನ್ನ ಚಪ್ಪಲಿ ನೋಡಿಕೊಂಡಳು. “ಕುರ್ಚಿ ಎಳೀತು.”

“ಓಹೋ, ಕುರ್ಚಿ ತಾನಾಗೇ ನಡ್ಕೊಂಡು ಹೋಗಿ ಎಳೀತಾ?”

“ನಾನೇ ಕುರ್ಚೀನ ಸೋಫಾ ಕಡೆ ಎಳೆದೆ. ಇನ್ನೊಂಚೂರು ಹತ್ತಿರ ಬರ್ಲಿ ಅಂತ. ಅದರ ಕಾಲಿಗೆ ವೈರ್ ಸಿಕ್ಕು ಸ್ಪೀಕರ್‌ನಿಂದ ಕಿತ್ತು ಬಂತು. ಎರಡು ತೂತಿಗೆ ಎರಡು ತಂತಿ ಸಿಕ್ಕಿಸಿ ಕುರ್ಚೀನ ವಾಪಸ್ ಇಟ್ಟೆ. ಅಪ್ಪಂಗೆ ಹೇಳಿಲ್ಲ.”

ಆಂಟಿ ತಮ್ಮ ಅಂಗೈಗಳೆರಡನ್ನೂ ಮುಂದೆ ಚಾಚಿದರು. “ನೋಡು, ಎರಡು ಸ್ಪೀಕರೂ ಒಟ್ಟಿಗೇ ಗಾಳೀನ ಮುಂದಕ್ಕೆ ತಳ್ಳಬೇಕು, ಒಟ್ಟಿಗೇ ಹಿಂದಕ್ಕೆ ಬರಬೇಕು. ನೀನು ತಂತಿ ಅದಲುಬದಲು ಮಾಡಿದ್ದೀಯ. ಒಂದು ತಳ್ಳುವಾಗ ಇನ್ನೊಂದು ಹಿಂದಕ್ಕೆ ಹೋಗ್ತಿದೆ. ನಿಂತುಹೋದ ಕಾರನ್ನ ಒಬ್ಬ ಹಿಂದಿಂದ, ಇನ್ನೊಬ್ಬ ಮುಂದಿಂದ ತಳ್ಳಿದ ಹಾಗಾಯ್ತು.”

“ಅಮ್ಮನ ವಾಯ್ಸಿಗೆ ಏನೂ ಆಗಿಲ್ಲ ತಾನೇ?”

“ಏನೂ ಆಗಿಲ್ಲ. ಸ್ವಿಚ್ ಆಫ್ ಮಾಡಿ ವೈರ್ ನೋಡು. ಎರಡು ತಂತಿಲಿ ಒಂದರ ಮೇಲೆ ಸಣ್ಣ ಗೆರೆ ಇರುತ್ತೆ. ಒಂದು ಸ್ಪೀಕರ್‌ನಲ್ಲಿ ಅದು ಕೆಂಪು ತೂತಿಗೆ ಹೋಗಿದ್ರೆ ಇನ್ನೊಂದರಲ್ಲೂ ಕೆಂಪಿಗೇ ಹೋಗ್ಬೇಕು.”

ಚೂಟಿ ಒಂದೇ ಉಸಿರಿಗೆ ಮನೆಗೆ ಓಡಿದಳು. ಅಪ್ಪ ಗಿರಾಕಿಯೊಬ್ಬರಿಗೆ ಬಟ್ಟೆ ಕೊಡಲು ಹೋಗಿದ್ದ. ಅವಳು ಸ್ವಿಚ್ ಆಫ್ ಮಾಡಿ ವೈರ್ ಕಿತ್ತುಬಂದಿದ್ದ ಬಲಗಡೆ ಸ್ಪೀಕರ್ ಹಿಂದೆ ನುಸುಳಿದಳು. ಆಂಟಿ ಹೇಳಿದ ಗೆರೆ ಇತ್ತು, ಕೂದಲೆಳೆಯಷ್ಟು ಸಣ್ಣದು. ಎಡಗಡೆ ಸ್ಪೀಕರ್‌ನಲ್ಲಿ ಅದು ಕೆಂಪು ತೂತಿಗೆ ಹೋಗಿತ್ತು, ಇಲ್ಲಿ ಕಪ್ಪು ತೂತಿನಲ್ಲಿತ್ತು. ಬಿಚ್ಚಿ ಕೆಂಪಿಗೆ ಹಾಕಿದಳು.

ಸ್ವಿಚ್ ಆನ್ ಮಾಡಿ ಮೆಸೇಜ್ ಹಾಕಿ, ಫೋನನ್ನು ಸೋಫಾದ ಎಡತುದಿಯಲ್ಲಿಟ್ಟು ಮಧ್ಯದಲ್ಲಿ ಕೂತಳು.

“ಏನ್ ಮರೀ, ಊಟ ಆಯ್ತಾ?”

ಕುರ್ಚಿಯಿಂದಲೇ. ಅಮ್ಮ ವಾಪಸ್ ಬಂದು ಕೂತಿದ್ದಳು. ಚೂಟಿ ಉತ್ತರ ಹೇಳಿಯೂಬಿಟ್ಟಳು: “ಇನ್ನೂ ಇಲ್ಲಮ್ಮಾ.”

ಅಮ್ಮ ಮಾತಾಡುತ್ತಲೇ ಇದ್ದಳು. ಚೂಟಿ ದನಿ ಕೊಂಚ ಜೋರು ಮಾಡೋಣವೆಂದು ಫೋನ್ ತೆಗೆದುಕೊಳ್ಳಲು ಸೋಫಾದ ಎಡತುದಿಗೆ ಸರಿದಳು. ಅಲ್ಲಿ ಕೂತದ್ದೇ ತಡ, ಅಮ್ಮ ಕುರ್ಚಿಯಿಂದ ಎದ್ದುಹೋದಳು. ದನಿಯೆಲ್ಲ ಎಡಗಡೆಯ ಪೆಟ್ಟಿಗೆಯಿಂದ ಬರತೊಡಗಿತು.

ಚೂಟಿ ಗಾಬರಿಯಾಗಿ ಮಧ್ಯಕ್ಕೆ ಬಂದಳು. ಅಮ್ಮ ಕುರ್ಚಿಯಲ್ಲಿದ್ದಳು. ಎಡಕ್ಕೆ ಹೋದಳು. ಬರೀ ಪೆಟ್ಟಿಗೆ.

ಎಡತುದಿ ಅಪ್ಪನ ಜಾಗ. ಎಂಟು ತಿಂಗಳಿಂದ ಅಪ್ಪ ಅಲ್ಲೇ ಕೂತು ಕೇಳುತ್ತಿದ್ದ. ಮಧ್ಯದಲ್ಲಿ ಕೂರಲು ಅವಳು ಬಿಟ್ಟಿದ್ದರೆ ತಾನೇ?

ಬಾಗಿಲು ತೆರೆದ ಸದ್ದಾಯಿತು. ಅಪ್ಪ ಬಟ್ಟೆಯ ಚೀಲದೊಂದಿಗೆ ಒಳಗೆ ಬಂದ.

“ಅಪ್ಪಾ, ಇಲ್ಲಿ ಮಧ್ಯ ಕೂತ್ಕೊ.”

“ಅದು ನಿನ್ನ ಜಾಗ ಅಲ್ವಾ? ಆಮೇಲೆ ಜಗಳ ತೆಗೀತೀಯ.”

“ತೆಗೆಯಲ್ಲ. ಕೂತ್ಕೊ.”

ಅಪ್ಪ ಅನುಮಾನದಿಂದಲೇ ಕೂತ. ಹೊಲಿಯುವ ಅಂಗಿಯನ್ನು ತೊಡೆಯ ಮೇಲೆ ಹರವಿಕೊಂಡ. ಚೂಟಿ ಮೆಸೇಜ್ ಮೊದಲಿಂದ ಹಾಕಿದಳು. ಅಮ್ಮ ಊಟದ ವಿಷಯ ಕೇಳಿದಳು, ಎಂಜಿನ್ ರೂಮಿನ ಸೆಖೆಯ ಬಗ್ಗೆ ಹೇಳಿದಳು. ಅಪ್ಪನ ಸೂಜಿ ಅರ್ಧದಲ್ಲೇ ನಿಂತಿತು. ಅವನು ಮೆಲ್ಲಗೆ ತಲೆ ಎತ್ತಿ ಕುರ್ಚಿಯ ಕಡೆ ನೋಡಿದ.

“ನಿಮ್ಮಪ್ಪ ಕನ್ನಡಕ ಇಲ್ದೇ ಹೊಲೀತಿರ್ತಾನೆ, ನಂಗೊತ್ತು,” ಅಂದಳು ಅಮ್ಮ. “ಹಾಕ್ಕೊಳ್ಳೋಕೆ ಹೇಳು.”

“ಆಯ್ತು, ಹಾಕ್ಕೋತೀನಿ,” ಅಂದ ಅಪ್ಪ ಕುರ್ಚಿಗೆ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ.

ಆಮೇಲೆ ಚೂಟಿಯನ್ನು ನೋಡಿ ಮೆತ್ತಗೆ ಕೇಳಿದ: “ಇಷ್ಟು ದಿನ ನಿಂಗೆ ಹೀಗೆ ಕೇಳ್ತಿತ್ತಾ?”

ಚೂಟಿ ಹೌದೆಂದು ತಲೆಯಾಡಿಸಿದಳು.

“ಇನ್ನೊಂದ್ಸಲ ಹಾಕ್ತೀಯಾ?”

ಹಾಕಿದಳು. ಅವಳು ಕೂತ ಎಡತುದಿಯಿಂದ ಕುರ್ಚಿ ಖಾಲಿಯಾಗಿತ್ತು. ಆದರೆ ಅಲ್ಲಿಂದ ಅಪ್ಪನ ಮುಖ ಚೆನ್ನಾಗಿ ಕಾಣುತ್ತಿತ್ತು. ಅಮ್ಮ ಎದುರಿಗೆ ಕೂತು ಮಾತಾಡುವಾಗ ಅಪ್ಪ ಹೀಗೇ ನಗುತ್ತಿದ್ದ. ಅದು ಅವಳಿಗೆ ಮರೆತೇ ಹೋಗಿತ್ತು.