ಲೋಗೋ ಸುತ್ತ ಒಣಗಿದ ಹಿಟ್ಟು

“ಚಾಕು ಒಳಗಿಡಿ ಅಣ್ಣ, ಬಣ್ಣ ಕಿತ್ಕೊಂಡು ಬರುತ್ತೆ,” ಎನ್ನುತ್ತಲೇ ಬೂರುಲ್ ಕಾರಿನ ಲೋಗೋ ಕೆರೆಯುತ್ತಿದ್ದವನ ಮಣಿಕಟ್ಟು ಹಿಡಿದಳು.

ಹಿಡಿದ ಮೇಲೆ ಗೊತ್ತಾಯಿತು... ಅದು ಎರ್ಮೆಕ್‌ನ ಕೈ!

ಬೆಂಕಿ ಮುಟ್ಟಿದವಳಂತೆ ಬಿಟ್ಟುಬಿಟ್ಟಳು.

ಎರಡು ವರ್ಷದ ಹಿಂದೆ ಮಾಸ್ಕೋಗೆ ದುಡಿಯಲು ಹೋದವನು. ಮೊದಮೊದಲು ದಿನಾ ಫೋನು, ಆಮೇಲೆ ವಾರಕ್ಕೊಂದು, ಕೊನೆಗೆ ಅದೂ ಇಲ್ಲ. ಈಗ ತೊಕ್ಮೊಕ್ ಪೇಟೆಯ ಹೊರಗಿನ ಈ ಕಾರು ತೊಳೆಯುವ ಶೆಡ್ಡಿಗೆ ಬಂದು, ಕರಿ ಕಾರೊಂದರ ಮುಂದೆ ನಿಂತು, ಏನೂ ಆಗದವನ ಹಾಗೆ ಚಾಕು ಮಡಚುತ್ತಿದ್ದಾನೆ.

ಅವಳ ಕಣ್ಣು ಕಾರಿನ ಮೂತಿಯ ಮೇಲೆ ಬಿತ್ತು. ಲೋಗೋದ ಸಂದುಗೊಂದಿಗಳಲ್ಲೆಲ್ಲ ಬಿಳಿ ಹಿಟ್ಟು ಮೆತ್ತಿ, ಇಬ್ಬನಿಗೆ ನೆಂದು, ಕಲ್ಲಿನಂತೆ ಒಣಗಿತ್ತು.

ಅದು ಊರಿನ ಪದ್ಧತಿ. ಹೊಸ ಸೊಸೆಯನ್ನು ಕರೆತರುವ ಕಾರಿಗೆ, ದಾರಿ ಬೆಳ್ಳಗೆ, ಶುಭವಾಗಿರಲಿ ಎಂದು ಅತ್ತೆಯಾದವಳು ಹಿಟ್ಟು ಹಚ್ಚುತ್ತಾಳೆ.

‘ಮದುವೆಯಾಗಿ ಬಂದಿದ್ದಾನೆ... ಹೆಂಡತಿ ಕೂತ ಕಾರನ್ನು ನನ್ನ ಕೈಯಲ್ಲೇ ತೊಳೆಸುವಷ್ಟು ಕೊಬ್ಬು!’

ಅಳು ಬಂತು. ಅದನ್ನು ನುಂಗಿ ಕೆಲಸಕ್ಕೆ ನಿಂತಳು. ಇಂಥ ಸೂಕ್ಷ್ಮ ಕೆಲಸವೆಲ್ಲ ಆ ಶೆಡ್ಡಿನಲ್ಲಿ ಬೂರುಲ್ ಪಾಲಿಗೇ. ಸೋಪಿನ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಲೋಗೋದ ಮೇಲೆ ಹೊದಿಸಿದಳು. ಹತ್ತು ನಿಮಿಷ ನೆನೆಯಬೇಕು. ಅವಸರಪಟ್ಟು ಕೆರೆದರೆ ಗೀರು ಬೀಳುತ್ತದೆ, ಬಿದ್ದ ಗೀರು ಹೋಗುವುದಿಲ್ಲ.

ಹತ್ತು ನಿಮಿಷ ಮಾಡಲು ಏನೂ ಇಲ್ಲ. ಹಿಟ್ಟು ತಿಕ್ಕಲು ಇಟ್ಟುಕೊಂಡಿದ್ದ, ಬಣ್ಣ ಬಳಿಯುವ ಬ್ರಷ್ಷಿನ ತಗಡಿನ ಪಟ್ಟಿ ಕಾರಿಗೆ ತಾಗದಿರಲಿ ಎಂದು ಅದಕ್ಕೆ ಅಂಟುಪಟ್ಟಿ ಸುತ್ತತೊಡಗಿದಳು. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದಳು.

“ಹುಡುಗಿ ಯಾವೂರು?” ಕೊನೆಗೆ ಕೇಳಿಯೇಬಿಟ್ಟಳು.

“ಯಾವ ಹುಡುಗಿ?”

“ಈ ಹಿಟ್ಟು ಯಾರಿಗೆ ಹಚ್ಚಿದ್ದು ಮತ್ತೆ?”

ಎರ್ಮೆಕ್ ಅವಳನ್ನೇ ನೋಡಿದ. ಕಾರು ಅವನ ಭಾವನದಂತೆ. ನಾಳೆ ಇಬ್ಬರೂ ಇದರಲ್ಲೇ ಮಾಸ್ಕೋಗೆ ಹೊರಡುವವರು, ಅಮ್ಮ ನಿನ್ನೆ ಸಂಜೆಯೇ ಹಿಟ್ಟು ಹಚ್ಚಿದ್ದಳು. ದೂರ ಹೊರಟವರಿಗೂ ಹಚ್ಚುತ್ತಾರೆಂಬುದು ಬೂರುಲ್‌ಗೆ ಗೊತ್ತಿಲ್ಲದ್ದೇನಲ್ಲ. ಹೊಟ್ಟೆಯ ಉರಿಗೆ ಅದು ಹೊಳೆದಿರಲಿಲ್ಲ, ಅಷ್ಟೆ.

“ನಿನ್ನ ನೋಡೋಕೆ ಬಂದೆ,” ಎಂದ. “ಹಿಟ್ಟು ಬರೀ ನೆಪ.”

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ತಿಲೆಕ್, ಶಾಲಾ ಬಸ್ಸಿನ ಚಾಲಕ. ದಿನಾ ಮಧ್ಯಾಹ್ನ ಊಟ ಆಯಿತಾ ಎಂದು ಕೇಳುತ್ತಾನೆ. ಆಯಿತು ಎಂದಳು. ಆಗಿರಲಿಲ್ಲ.

ಎರ್ಮೆಕ್ ಅವಳ ಕಿವಿ ನೋಡುತ್ತಿದ್ದ. ಹೋದ ತಿಂಗಳು ತಿಲೆಕ್‌ನ ತಾಯಿ ಮನೆಗೆ ಬಂದು, ನೆಂಟರ ಮುಂದೆ, ತನ್ನ ಕೈಯಾರೆ ತೊಡಿಸಿದ ಬೆಳ್ಳಿ ಓಲೆ ಅಲ್ಲಿತ್ತು. ಓಲೆ ತೊಡಿಸಿದರೆ ಮಾತು ಮುಗಿದಂತೆ. ಈ ಶನಿವಾರ ಮದುವೆ.

“ಊರಿಗೆ ಬಂದ ದಿನವೇ ಹೇಳಿದ್ರು,” ಎಂದ ಮೆಲ್ಲಗೆ. “ಒಳ್ಳೆಯವನಂತೆ.”

“ಹೌದು, ಒಳ್ಳೆಯವನೇ. ಫೋನ್ ಮಾಡ್ತಾನೆ.”

ಅವನು ತಲೆ ತಗ್ಗಿಸಿದ. ತಡವರಿಸುತ್ತ ಹೇಳತೊಡಗಿದ. ಗೋದಾಮಿನಲ್ಲಿ ಮೇಲ್ವಿಚಾರಕ ಎಂದಿದ್ದೆಲ್ಲ ಸುಳ್ಳು. ಅಲ್ಲಿ ಅವನು ಅಪಾರ್ಟ್‌ಮೆಂಟುಗಳ ಅಂಗಳ ಗುಡಿಸುತ್ತಿದ್ದ, ಚಳಿಗಾಲದಲ್ಲಿ ಹಿಮ ಎತ್ತುತ್ತಿದ್ದ. ಟಿಕೆಟ್ ತೆಗೆದುಕೊಂಡು ನಾನೂ ಬರುತ್ತೇನೆ ಎಂದು ಅವಳು ಹೇಳಿದ ದಿನ, ಗುಟ್ಟು ಬಯಲಾಗುತ್ತದೆಂದು ಹೆದರಿಹೋದ. ಆಮೇಲೆ ಫೋನು ಮಾಡಲು ಮುಖವಿರಲಿಲ್ಲ.

ಬೂರುಲ್‌ಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಹೆಂಡತಿಯಿಲ್ಲ, ಕಾಯಿಲೆಯಿಲ್ಲ, ಜೈಲಿಲ್ಲ... ಒಂದು ಪೊರಕೆಗೋಸ್ಕರ ಎರಡು ವರ್ಷ!

“ಬೆಳಗಿಂದ ಸಂಜೆವರೆಗೂ ಕಂಡೋರ ಕಾರಿನ ಕೆಸರು ತೊಳೆಯೋಳು ಕಣೋ ನಾನು,” ಎಂದಳು. “ನನ್ನ ಹತ್ರ ನಾಚಿಕೆ ಪಟ್ಯಾ?”

ಅವನು ಮಡಚಿದ ಚಾಕು ಜೇಬಿಗಿಳಿಸಿದ.

ಬಟ್ಟೆ ತೆಗೆದಳು. ಹಿಟ್ಟು ಮೆತ್ತಗಾಗಿತ್ತು. ಬ್ರಷ್ಷಿನಿಂದ ಹಗುರವಾಗಿ ತಿಕ್ಕಿ, ಅಕ್ಷರಗಳ ಹಿಂದೆ ಹಲ್ಲುಕಡ್ಡಿ ಆಡಿಸಿ, ನೀರು ಬಿಟ್ಟಳು. ಒಂದು ಗೀರೂ ಬೀಳಲಿಲ್ಲ. ಆಮೇಲೆ ಕೈ ಒರೆಸಿಕೊಂಡು, ಎರಡೂ ಓಲೆ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿದಳು.

ಎರ್ಮೆಕ್‌ನ ಮುಖ ಅರಳಿತು.

“ನಿನಗೋಸ್ಕರ ಅಂದ್ಕೋಬೇಡ,” ಎಂದಳು ಕಟುವಾಗಿ. “ನಿನ್ನ ಕಾರು ನೋಡಿ ಹೊಟ್ಟೆ ಉರ್ಕೊಂಡೋಳು ಅವನ ಮನೆ ತುಂಬಬಾರದು. ನೀನು ನನ್ನ ಹತ್ರ ನಿಜ ಮುಚ್ಚಿಟ್ಟ ಹಾಗೇ ನಾನೂ ಅವನ ಹತ್ರ ಮುಚ್ಚಿಡ್ತಿದ್ದೆ. ಅವನ ತಾಯಿ ನನ್ನ ಹಣೆಗೆ ಮುತ್ತಿಟ್ಟಿದ್ಲು... ಅವಳ ಮುಂದೆ ಈ ಓಲೆಗಳನ್ನ ಹೇಗೆ ವಾಪಸ್ ಇಡ್ಲಿ ಹೇಳು?”

“ನಾನೂ ಬರ್ತೀನಿ.”

“ಬೇಡ. ಬೈಸ್ಕೊಳ್ಳೋದು ನನ್ನ ಪಾಲು.” ನೆಂಟರು ಮುಖ ತಿರುಗಿಸುತ್ತಾರೆ, ಅಪ್ಪ ತಿಂಗಳುಗಟ್ಟಲೆ ಮಾತಾಡುವುದಿಲ್ಲ. ಎಲ್ಲ ಗೊತ್ತಿತ್ತು ಅವಳಿಗೆ.

“ಆಮೇಲೆ?”

ಮೂಲೆಯಲ್ಲಿದ್ದ ಉದ್ದ ಹಿಡಿಯ ಪೊರಕೆ ತಂದು ಅವನ ಕೈಗಿಟ್ಟಳು. ಅವನು ಏನೂ ಕೇಳದೆ ಜಾಕೆಟ್ ಕಳಚಿ, ನೆಲದ ಕೆಸರು ನೀರನ್ನು ಚರಂಡಿಯತ್ತ ತಳ್ಳತೊಡಗಿದ. ಎರಡು ವರ್ಷದ ಅಭ್ಯಾಸ, ನೀಟಾಗಿ, ಒಂದೇ ಲಯದಲ್ಲಿ. ಅವಳು ನೋಡುತ್ತ ನಿಂತಳು. ಕಣ್ಣು ತುಂಬಿ ಬಂತು.

“ಚೆನ್ನಾಗಿ ಗುಡಿಸ್ತೀಯ ಕಣೋ.”

“ನೀನು ಓಲೆ ಕೊಟ್ಟು ಬರೋವರೆಗೂ ಗುಡಿಸ್ತಿರ್ತೀನಿ. ಭಾವ ಬೇಕಾದ್ರೆ ಒಬ್ಬನೇ ಹೋಗ್ಲಿ.”

“ನಾನು ಬರೋ ಹೊತ್ತಿಗೆ ನನ್ನ ಮುಖ ನೋಡೋ ಹಾಗಿರಲ್ಲ ಎರ್ಮೆಕ್.”

“ನೋಡ್ತೀನಿ,” ಎಂದ.